ವಾಹನ ವಿಚಾರ: ಲೆಕ್ಕಕ್ಕೆ ಸಿಗದ ಗಾಳಿ

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಕಾರುಗಳ ಎಂಜಿನ್ನಿಗೆ ಗಾಳಿ ಒಳಹೋಗುವ ದಾರಿಯನ್ನು ಕುರಿತವು. ಆದ್ದರಿಂದ ಅವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡಿದ್ದೇನೆ. ಮೊದಲ ಪತ್ರಕ್ಕೆ ತುಸು ದೀರ್ಘವಾಗಿಯೇ ಉತ್ತರಿಸಿದ್ದೇನೆ. ಮುಂದಿನ ಉತ್ತರಗಳನ್ನು ಓದುವವರು ದಯವಿಟ್ಟು ಅದನ್ನು ಓದಿಕೊಂಡೇ ಮುಂದುವರಿಯಬೇಕು.

ಪ್ರಶ್ನೆ: ನನ್ನ ಪೆಟ್ರೋಲ್ ಕಾರಿಗೆ ಹದಿನಾರು ವರ್ಷ ತುಂಬಿದೆ. ಕೆಲವು ತಿಂಗಳಿನಿಂದ ಗಾಡಿಯನ್ನು ನಿಲ್ಲಿಸಿಕೊಂಡಿರುವಾಗ ಎಂಜಿನ್ ಒಂದೇ ವೇಗದಲ್ಲಿ ಓಡದೆ, ನಿಮಿಷಕ್ಕೆ 700 ಸುತ್ತಿನಿಂದ 1300ರವರೆಗೆ ಏರುತ್ತಾ ಇಳಿಯುತ್ತಾ ಇರುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಇಡೀ ಗಾಡಿ ನಡುಗುತ್ತದೆ, ಬಿಸಿಯಾದ ಮೇಲೆ ಸ್ವಲ್ಪ ಮಟ್ಟಿಗೆ ಸರಿಹೋಗುತ್ತದೆ. ಚೆಕ್ ಎಂಜಿನ್ ದೀಪ ಉರಿಯುತ್ತಿದ್ದು, ಸ್ಕ್ಯಾನರ್ ಹಾಕಿ ನೋಡಿದಾಗ ಪಿ0171 ಎಂಬ ಸಂಕೇತ ಬಂದಿತು. ಸ್ಪಾರ್ಕ್ ಪ್ಲಗ್ಗುಗಳನ್ನೂ ಆಕ್ಸಿಜನ್ ಸೆನ್ಸರನ್ನೂ ಬದಲಿಸಿದ್ದಾಯಿತು, ಗುಣ ಕಾಣಲಿಲ್ಲ. ಈಗ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯನ್ನೇ ಹೊಸದಾಗಿ ಹಾಕಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಪಿ0171 ಎಂಬ ಸಂಕೇತ ಯಾವ ಭಾಗ ಕೆಟ್ಟಿದೆ ಎಂದು ಹೇಳುವುದಿಲ್ಲ. ಸಿಲಿಂಡರಿಗೆ ಹೋಗುತ್ತಿರುವ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿದೆ, ಪೆಟ್ರೋಲ್ ಕಡಿಮೆಯಾಗಿದೆ ಎಂಬುದಷ್ಟೇ ಅದರ ಅರ್ಥ. ಈ ಮಾತನ್ನು ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಿಗೆ ತಲುಪಿಸಿದ್ದು ಆಕ್ಸಿಜನ್ ಸೆನ್ಸರ್. ನೀವು ಆ ಸೆನ್ಸರನ್ನೇ ಬದಲಿಸಿದ್ದು, ದೂರು ತಂದವನನ್ನೇ ಶಿಕ್ಷಿಸಿ ಕಳುಹಿಸಿದಂತೆ ಆಯಿತು. ಹೊಸದಾಗಿ ಬಂದವನೂ ಅದೇ ದೂರನ್ನು ಹೇಳುತ್ತಿದ್ದಾನೆ.

ಒಂದು ಭಾಗ ಪೆಟ್ರೋಲ್ ಪೂರ್ತಿಯಾಗಿ ಉರಿಯುವುದಕ್ಕೆ ತೂಕದ ಲೆಕ್ಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. ಏರ್ ಫಿಲ್ಟರನ್ನು ದಾಟಿದ ಗಾಳಿಯನ್ನು ಏರ್ ಫ್ಲೋ ಸೆನ್ಸರ್ ಅಳೆಯುತ್ತದೆ, ಅದು ಕೊಟ್ಟ ಲೆಕ್ಕಕ್ಕೆ ಸರಿಯಾಗಿ ಕಂಪ್ಯೂಟರ್ ಪೆಟ್ರೋಲನ್ನು ಸಿಂಪಡಿಸುತ್ತದೆ. ಸೆನ್ಸರನ್ನು ದಾಟಿದ ಮೇಲೆ ಎಲ್ಲೋ ಒಂದು ಬಿರುಕಿನಿಂದ ಒಳನುಸುಳಿದ ಗಾಳಿ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ತಕ್ಕ ಪೆಟ್ರೋಲ್ ಬೀಳದ ಕಾರಣ ಮಿಶ್ರಣ ತೆಳುವಾಗುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಕಂಡು ಕಂಪ್ಯೂಟರ್ ತನ್ನ ಅಂದಾಜಿಗಿಂತ ಹೆಚ್ಚು ಪೆಟ್ರೋಲ್ ಕೊಡುತ್ತಾ ಹೋಗುತ್ತದೆ. ಕೊಡಬಹುದಾದ ಮಿತಿ ಮುಗಿದಾಗ ದೀಪ ಹೊತ್ತಿಸುತ್ತದೆ. ಮೆಕ್ಯಾನಿಕ್ಕುಗಳು ‘ಏರ್ ಎಳೆಯುತ್ತಿದೆ’ ಎಂದು ಒಂದೇ ಮಾತಿನಲ್ಲಿ ಹೇಳುವುದು ಇದನ್ನೇ.

ತೊಂದರೆ ನಿಂತಿರುವಾಗಲೇ ಏಕೆ ಹೆಚ್ಚು ಎಂಬುದಕ್ಕೂ ಕಾರಣವಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಥ್ರಾಟಲ್ ತಟ್ಟೆ ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ, ಅದರ ಆಚೆಗಿನ, ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲುಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಬಲವಾದ ನಿರ್ವಾತ ಉಂಟಾಗುತ್ತದೆ. ಆರೋಗ್ಯವಂತ ಎಂಜಿನ್ನಿನಲ್ಲಿ ಸಮುದ್ರಮಟ್ಟದ ಸ್ಥಳದಲ್ಲಿ ಅದು ಸುಮಾರು 17ರಿಂದ 21 ಅಂಗುಲ ಪಾದರಸದಷ್ಟಿರುತ್ತದೆ. ಎತ್ತರಕ್ಕೆ ಹೋದಂತೆ ಪ್ರತಿ 300 ಮೀಟರಿಗೆ ಹೆಚ್ಚುಕಡಿಮೆ ಒಂದು ಅಂಗುಲದಂತೆ ತಗ್ಗುತ್ತದೆ. ಆ ಸೆಳೆತಕ್ಕೆ ಸಣ್ಣ ಬಿರುಕೂ ಬಾಯಿ ಬಿಡುತ್ತದೆ. ಮೇಲಾಗಿ, ಆ ಹೊತ್ತಿನಲ್ಲಿ ಎಂಜಿನ್ನಿಗೆ ಬೇಕಾದ ಗಾಳಿಯೇ ಬಹಳ ಕಡಿಮೆಯಾದ್ದರಿಂದ ಕದ್ದು ಬಂದ ಗಾಳಿಯ ಪಾಲು ದೊಡ್ಡದಾಗಿ ಕಾಣುತ್ತದೆ. ರಸ್ತೆಯ ಮೇಲೆ ಓಡುವಾಗ ಎಂಜಿನ್ ಅದರ ಹತ್ತಾರು ಪಟ್ಟು ಗಾಳಿಯನ್ನು ಎಳೆದುಕೊಳ್ಳುವುದರಿಂದ ಅದೇ ಬಿರುಕು ಗಣನೆಗೆ ಬರುವುದಿಲ್ಲ.

ಇದರಿಂದಲೇ ಒಂದು ಸುಲಭವಾದ ಪರೀಕ್ಷೆಯೂ ಹುಟ್ಟುತ್ತದೆ. ಸ್ಕ್ಯಾನರಿನಲ್ಲಿ ದೋಷದ ಸಂಕೇತವನ್ನಷ್ಟೇ ಓದಿ ಮುಚ್ಚಿಡದೆ, ಫ್ಯೂಯೆಲ್ ಟ್ರಿಮ್ ಎಂಬ ಅಂಕಿಯನ್ನು ತೆಗೆದು ನೋಡುವಂತೆ ನಿಮ್ಮ ಗ್ಯಾರೇಜಿನವರನ್ನು ಕೇಳಿಕೊಳ್ಳಿ. ಕಂಪ್ಯೂಟರ್ ತನ್ನ ಅಂದಾಜಿನ ಮೇಲೆ ಶೇಕಡಾ ಎಷ್ಟು ಪೆಟ್ರೋಲನ್ನು ಕೂಡಿಸುತ್ತಿದೆ ಅಥವಾ ಕಳೆಯುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಐಡ್ಲಿಂಗಿನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ, ಆ ಅಂಕಿ ಶೇಕಡಾ 15–20ರಷ್ಟು ಮೇಲಿದ್ದು, ರೇಸ್ ಕೊಟ್ಟು 2500 ಸುತ್ತಿನಲ್ಲಿ ಹಿಡಿದಾಗ ಸೊನ್ನೆಯ ಹತ್ತಿರಕ್ಕೆ ಇಳಿದರೆ ಗಾಳಿಯ ಸೋರಿಕೆ ಎಂದು ಬಹುತೇಕ ನಿಶ್ಚಯ ಮಾಡಿಕೊಳ್ಳಬಹುದು. ಅದಕ್ಕೆ ಬದಲಾಗಿ ಎಂಜಿನ್ನಿನ ಮೇಲೆ ಭಾರ ಹೆಚ್ಚಿದಂತೆಲ್ಲ ಅಂಕಿಯೂ ಏರುತ್ತಾ ಹೋದರೆ ಪೆಟ್ರೋಲ್ ಪಂಪ್, ಫ್ಯೂಯೆಲ್ ಫಿಲ್ಟರ್ ಅಥವಾ ಕೊಳೆ ಕಟ್ಟಿದ ಏರ್ ಫ್ಲೋ ಸೆನ್ಸರಿನ ಕಡೆ ನೋಡಬೇಕು. ಐದು ನಿಮಿಷದ ಕೆಲಸ ಇದು. ಈ ಅಂಕಿಯನ್ನು ನೋಡದೆ ಭಾಗ ಬದಲಿಸಲು ಹೊರಡುವವರ ಕೈಗೆ ಗಾಡಿ ಕೊಡುವುದಕ್ಕೆ ನಾನಂತೂ ಹಿಂಜರಿಯುತ್ತೇನೆ.

ಸೋರಿಕೆ ಎಂದು ಖಚಿತವಾದರೆ ಹುಡುಕಬೇಕಾದ ಜಾಗಗಳು ಲೆಕ್ಕವಿಲ್ಲದಷ್ಟೇನೂ ಇಲ್ಲ. ಸೆನ್ಸರಿಗೂ ಥ್ರಾಟಲ್ ಬಾಡಿಗೂ ನಡುವೆ ಇರುವ, ಸುಕ್ಕುಸುಕ್ಕಾದ ದಪ್ಪ ರಬ್ಬರ್ ಹೋಸಿನಿಂದ ಆರಂಭಿಸಿ. ಅದರ ಸುಕ್ಕಿನ ಒಳಮಡಿಕೆಯಲ್ಲಿ ಬಿರುಕು ಬಿಟ್ಟಿರುತ್ತದೆ. ಮೇಲಿನಿಂದ ನೋಡಿದರೆ ಕಾಣುವುದಿಲ್ಲ, ಕಳಚಿ ಕೈಯಲ್ಲಿ ಹಿಗ್ಗಿಸಿ ಬಗ್ಗಿಸಿ ನೋಡಿದರೆ ಮಾತ್ರ ಬಾಯಿ ತೆರೆಯುತ್ತದೆ. ಗೇರ್ ಹಾಕಿದಾಗ ಎಂಜಿನ್ ತನ್ನ ಆಧಾರದ ಮೇಲೆ ವಾಲುವುದರಿಂದ ಕೆಲವು ಗಾಡಿಗಳಲ್ಲಿ ಆಗಷ್ಟೇ ಮಿಸ್ಸಿಂಗ್ ಬರುವುದುಂಟು. ಆಮೇಲೆ ಮ್ಯಾನಿಫೋಲ್ಡಿನಿಂದ ಹೊರಟ ಸಣ್ಣಸಣ್ಣ ವ್ಯಾಕ್ಯೂಮ್ ಪೈಪುಗಳು. ಇವುಗಳ ನಡುಭಾಗ ಚೆನ್ನಾಗಿಯೇ ಇದ್ದು, ಮೂತಿಗೆ ಸಿಕ್ಕಿಸಿದ ತುದಿಗಳು ಬಿಸಿಗೆ ಗಟ್ಟಿಯಾಗಿ ಸಡಿಲಗೊಂಡಿರುತ್ತವೆ. ನನ್ನದೇ ಹಳೆಯ ಗಾಡಿಯೊಂದರಲ್ಲಿ ಇದೇ ರೋಗಕ್ಕೆ, ಐಡ್ಲಿಂಗ್ ವೇಗವನ್ನು ಹಿಡಿದಿಡುವ ಐಡಲ್ ಕಂಟ್ರೋಲ್ ವಾಲ್ವನ್ನು ಹೊಸದಾಗಿ ಕೊಂಡು ಹಾಕಿ, ಎರಡು ವಾರ ಕಳೆದ ಮೇಲೆ, ಮ್ಯಾನಿಫೋಲ್ಡಿನ ಹಿಂಬದಿಯ ಬಳಕೆಯಿಲ್ಲದ ಮೂತಿಯೊಂದಕ್ಕೆ ತೊಡಿಸಿದ್ದ, ಹೆಬ್ಬೆರಳ ತುದಿಯಷ್ಟು ದೊಡ್ಡ ರಬ್ಬರ್ ಟೊಪ್ಪಿಗೆ ಸೀಳಿರುವುದನ್ನು ಕಂಡೆ. ತೆಗೆದಿಟ್ಟ ಹಳೆಯ ವಾಲ್ವಿನಲ್ಲಿ ಯಾವ ದೋಷವೂ ಇರಲಿಲ್ಲ.

ಮೂರನೆಯದು ಪಿಸಿವಿ ವಾಲ್ವ್ ಮತ್ತು ಅದರ ಹೋಸ್. ಪಿಸ್ಟನ್ನನ್ನು ದಾಟಿ ಆಯಿಲ್ ಚೇಂಬರಿಗೆ ಇಳಿದ ಹೊಗೆಯನ್ನು ಹೊರಗೆ ಬಿಡದೆ ಮತ್ತೆ ಮ್ಯಾನಿಫೋಲ್ಡಿಗೇ ತಂದು ಸುಡುವ ಈ ಏರ್ಪಾಡು, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾದ 1961ರ ಕಾರುಗಳಿಂದ ಈಚೆಗೆ ಬಳಕೆಗೆ ಬಂದದ್ದು. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಅದೇ ಒಂದು ಸೋರಿಕೆಯಾಗುತ್ತದೆ. ಮುಚ್ಚಿ ಸಿಕ್ಕಿಕೊಂಡರೆ ಒಳಗೆ ಒತ್ತಡ ಹೆಚ್ಚಿ ಆಯಿಲ್ ಸೀಲುಗಳು ಒಸರತೊಡಗುತ್ತವೆ. ಸ್ಪ್ರಿಂಗ್ ಇರುವ ಹಳೆಯ ಬಗೆಯದಾದರೆ ಕಳಚಿ ಕಿವಿಯ ಬಳಿ ಅಲುಗಾಡಿಸಿ, ಗಿಲಕಿಯಂತೆ ಸದ್ದು ಬರಬೇಕು. ತೆಳು ರಬ್ಬರಿನ ಪರದೆಯಿರುವ ಬಗೆಯದಾದರೆ, ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಎತ್ತಿ ನೋಡಿ. ಯಾರೋ ಒಳಗಿನಿಂದ ಬಲವಾಗಿ ಹಿಡಿದೆಳೆದಂತೆ ಇದ್ದರೆ ಪರದೆ ಹರಿದಿದೆ.

ಬಿಸಿಯಾದ ಮೇಲೆ ನಡುಕ ಕಡಿಮೆಯಾಗುತ್ತದೆ ಎಂದು ನೀವು ಬರೆದಿರುವುದು ನನಗೆ ಎಲ್ಲಕ್ಕಿಂತ ಮುಖ್ಯವಾದ ಸುಳಿವಾಗಿ ಕಾಣುತ್ತದೆ. ವಯಸ್ಸಾದ ರಬ್ಬರ್ ತನ್ನ ಪುಟಿತವನ್ನು ಕಳೆದುಕೊಂಡು, ತಣ್ಣಗಿರುವಾಗ ಕುಗ್ಗಿ ಸಂದು ಬಿಡುತ್ತದೆ, ಬಿಸಿಗೆ ಹಿಗ್ಗಿ ಅದೇ ಸಂದನ್ನು ಮುಚ್ಚುತ್ತದೆ. ಮ್ಯಾನಿಫೋಲ್ಡಿನ ಪ್ಯಾಕಿಂಗ್ ಹಾಗೂ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರುಗಳ ಓ-ರಿಂಗುಗಳು (ರಬ್ಬರ್ ಬಳೆಗಳು) ಹೋದಾಗ ಕಾಣುವ ಲಕ್ಷಣ ಇದು. (ಇದಕ್ಕೆ ಇನ್ನೊಂದು ಕಾರಣವೂ ಇದೆ: ತಣ್ಣನೆಯ ಎಂಜಿನ್ನಿನಲ್ಲಿ ಆಕ್ಸಿಜನ್ ಸೆನ್ಸರ್ ಬಿಸಿಯಾಗುವವರೆಗೆ ಕಂಪ್ಯೂಟರಿಗೆ ತಿದ್ದಿಕೊಳ್ಳಲು ಆಧಾರವಿರುವುದಿಲ್ಲ.) ಖಚಿತಪಡಿಸಿಕೊಳ್ಳುವುದಕ್ಕೆ ಸ್ಮೋಕ್ ಟೆಸ್ಟಿಗಿಂತ ಒಳ್ಳೆಯ ದಾರಿಯಿಲ್ಲ. ಎಂಜಿನ್ ತಣ್ಣಗಿರುವಾಗಲೇ, ಅದನ್ನು ನಿಲ್ಲಿಸಿ, ಬಹಳ ಕಡಿಮೆ ಒತ್ತಡದಲ್ಲಿ ಒಳಗೆ ಹೊಗೆ ಊದುತ್ತಾರೆ. ಬಿರುಕು ಎಲ್ಲಿದೆಯೋ ಅಲ್ಲಿಂದ ಹೊಗೆ ಎಳೆಯಾಗಿ ಹೊರಬರುತ್ತದೆ. ಓಡುವ ಎಂಜಿನ್ನಿನ ಮೇಲೆ ಕಾರ್ಬೊರೇಟರ್ ಕ್ಲೀನರ್ ಸಿಂಪಡಿಸಿ ಸದ್ದಿನ ವ್ಯತ್ಯಾಸ ಕೇಳುವ ರೂಢಿ ಅನೇಕ ಕಡೆ ಇದೆ. ಕೆಂಪಗೆ ಕಾದ ಎಕ್ಸಾಸ್ಟ್ ಪಕ್ಕದಲ್ಲೇ ಇರುವಾಗ ಹೊತ್ತಿಕೊಳ್ಳುವ ದ್ರವವನ್ನು ಚಿಮ್ಮಿಸುವ ಈ ಪದ್ಧತಿಯನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಇನ್ನು ಥ್ರಾಟಲ್ ಬಾಡಿ. ಅದರ ತಟ್ಟೆಯ ಅಂಚಿಗೆ ಮಸಿ ಕಟ್ಟಿರುವುದು ನಿಮ್ಮ ಗಾಡಿಯ ವಯಸ್ಸಿಗೆ ಸಹಜ. ಹೆಚ್ಚಿನ ಸಂದರ್ಭಗಳಲ್ಲಿ ಒರೆಸಿ ಶುಚಿ ಮಾಡಿದರೆ ಸಾಕು. ಅದಕ್ಕೆಂದೇ ಮಾಡಿದ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಮೃದುವಾಗಿ ಒರೆಸಬೇಕು. ಉಕ್ಕಿನ ನಾರಿನಿಂದ ಉಜ್ಜಿದರೆ ಕೆಲವು ತಯಾರಕರು ಒಳಗೋಡೆಗೆ ಹಚ್ಚಿರುವ ಲೇಪ ಕಿತ್ತುಹೋಗುತ್ತದೆ. ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಕೀ ಆನ್ ಇರುವಾಗ ತಟ್ಟೆಯನ್ನು ಬೆರಳಿನಿಂದ ನೂಕಬೇಡಿ, ಒಳಗೆ ಇರುವುದು ಪ್ಲಾಸ್ಟಿಕ್ ಹಲ್ಲುಚಕ್ರಗಳು. ಶುಚಿಯಾದ ಮೇಲೆ ಐಡ್ಲಿಂಗ್ ಕೆಲಕಾಲ ಏರಿಯೇ ಇದ್ದರೆ ಗಾಬರಿಯಾಗುವ ಅಗತ್ಯವಿಲ್ಲ. ಮಸಿಯನ್ನು ಸರಿದೂಗಿಸಲು ತಟ್ಟೆಯನ್ನು ಸ್ವಲ್ಪ ಹೆಚ್ಚು ತೆರೆಯುವುದನ್ನು ಕಂಪ್ಯೂಟರ್ ಕಲಿತಿರುತ್ತದೆ. ಅದನ್ನು ಮರೆಸುವ ಕ್ರಮ ಕೈಪಿಡಿಯಲ್ಲಿ ಇರುತ್ತದೆ ಅಥವಾ ಸ್ಕ್ಯಾನರಿನಿಂದ ಮಾಡಿಸಬಹುದು.

ಪ್ರಶ್ನೆ: ಮ್ಯಾನಿಫೋಲ್ಡ್ ಪ್ಯಾಕಿಂಗ್ ಹೋಗಿದೆ ಎಂದು ಪರೀಕ್ಷೆಯಿಂದ ತಿಳಿದಿದೆ. ಸ್ಪ್ಯಾನರ್ ಹಿಡಿಯುವ ಅಭ್ಯಾಸ ನನಗಿದೆ. ಮನೆಯಲ್ಲೇ ಬದಲಿಸಬಹುದೇ? ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದು. ಜೊತೆಯಲ್ಲಿ ಏನೇನು ಬದಲಿಸುವುದು ಒಳ್ಳೆಯದು?

ಉತ್ತರ: ನಾಲ್ಕು ಸಿಲಿಂಡರಿನ ಸಾಮಾನ್ಯ ಎಂಜಿನ್ನಾದರೆ ಬದಲಿಸಬಹುದು, ಅವಸರ ಮಾಡದೆ ಒಂದು ದಿನವನ್ನು ಅದಕ್ಕೇ ಮೀಸಲಿಡಬೇಕು. ತಣ್ಣನೆಯ ಎಂಜಿನ್, ಕಳಚಿದ ಬ್ಯಾಟರಿ, ಇಳಿಸಿದ ಪೆಟ್ರೋಲ್ ಒತ್ತಡ, ಈ ಮೂರೂ ಆಗದೆ ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಫ್ಯೂಯೆಲ್ ರೈಲಿಗೆ ಕೈ ಹಾಕಬಾರದು. ಕೆಲವು ಎಂಜಿನ್ನುಗಳಲ್ಲಿ ಕೂಲಂಟ್ ಕೂಡ ಮ್ಯಾನಿಫೋಲ್ಡ್ ಅಥವಾ ಥ್ರಾಟಲ್ ಬಾಡಿಯ ಮೂಲಕ ಹರಿಯುತ್ತದೆ. ಹಾಗಿದ್ದರೆ ಮೊದಲೇ ಅದನ್ನು ಬಸಿದುಕೊಳ್ಳದಿದ್ದರೆ ಸಿಲಿಂಡರಿಗೆ ಇಳಿದೀತು. ಬಿಚ್ಚುವ ಮುನ್ನ ಪ್ರತಿಯೊಂದು ಪೈಪಿನ ಚಿತ್ರ ತೆಗೆದಿಟ್ಟುಕೊಳ್ಳಿ.

ಮ್ಯಾನಿಫೋಲ್ಡ್ ಎತ್ತಿದೊಡನೆ ಸಿಲಿಂಡರ್ ಹೆಡ್ಡಿನ ರಂಧ್ರಗಳಿಗೆ ಶುಭ್ರವಾದ ಬಟ್ಟೆಯ ತುಂಡುಗಳನ್ನು ತುರುಕಿ, ಎಷ್ಟು ತುಂಡು ಎಂಬುದನ್ನು ಬರೆದಿಡಿ. ಈ ಕೆಲಸದಲ್ಲಿ ಎಂಜಿನ್ನನ್ನು ನಿಜವಾಗಿ ಹಾಳುಮಾಡುವುದು ಒಳಗೆ ಬಿದ್ದ ನಟ್ಟು ಮತ್ತು ಒಳಗೇ ಮರೆತ ಬಟ್ಟೆ. ಹಳೆಯ ಪ್ಯಾಕಿಂಗಿನ ಚೂರುಗಳನ್ನು ಪ್ಲಾಸ್ಟಿಕ್ ಅಥವಾ ಮರದ ಪಟ್ಟಿಯಿಂದ ಕೆರೆದು ತೆಗೆಯಬೇಕು. ಡ್ರಿಲ್ಲಿಗೆ ಸಿಕ್ಕಿಸುವ ಉಜ್ಜುಬಿಲ್ಲೆಯಿಂದ ಕೆಲಸ ಬೇಗ ಮುಗಿಯುತ್ತದೆ ನಿಜ, ಆದರೆ ಅದರಿಂದ ಉದುರುವ ಸಾಣೆಯ ಪುಡಿ ಆಯಿಲಿಗೆ ಸೇರಿ ಬೇರಿಂಗುಗಳನ್ನು ತಿನ್ನುತ್ತದೆ. ಅಲ್ಯೂಮಿನಿಯಂ ಮುಖದಲ್ಲಿ ತಗ್ಗುಗಳೂ ಬೀಳುತ್ತವೆ. ಆ ಮೇಲೆ ಎರಡೂ ಮುಖಗಳ ಮೇಲೆ ನೇರವಾದ ಉಕ್ಕಿನ ಪಟ್ಟಿಯಿಟ್ಟು ಫೀಲರ್ ಗೇಜಿನಿಂದ ಸಂದು ನೋಡಿ. ತಯಾರಕರು ಕೊಟ್ಟ ಮಿತಿಗಿಂತ ಹೆಚ್ಚು ಸೊಟ್ಟಗಿದ್ದರೆ ಎಂತಹ ಹೊಸ ಪ್ಯಾಕಿಂಗ್ ಹಾಕಿದರೂ ಆರು ತಿಂಗಳಲ್ಲಿ ಇದೇ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಪ್ಲಾಸ್ಟಿಕ್ ಮ್ಯಾನಿಫೋಲ್ಡ್ ಎಂಬುದು ಗಾಜಿನ ನಾರು ಬೆರೆಸಿದ ನೈಲಾನ್. ಅದನ್ನು ಎರಡು ಅಥವಾ ಹೆಚ್ಚು ತುಂಡುಗಳಾಗಿ ಎರಕ ಹೊಯ್ದು, ಅನಂತರ ಬೆಸೆದಿರುತ್ತಾರೆ; ವರ್ಷಗಳ ಬಿಸಿಗೆ ಸೋಲುವುದು ಆ ಬೆಸುಗೆಯ ಗೆರೆ. ಆದ್ದರಿಂದ ಹೊರಗೆ ತೆಗೆದಿರುವಾಗ ಬೆಳಕಿಗೆ ಹಿಡಿದು ಗೆರೆಯುದ್ದಕ್ಕೂ ಪರೀಕ್ಷಿಸಿ. ಕೂಡಿಸುವಾಗ ಬೋಲ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡೂ ಬದಿಗೆ ಸರಿಯುತ್ತಾ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಆರು ಮಿಲಿಮೀಟರಿನ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರಿನ ಆಸುಪಾಸು ಬಿಗಿ ಸಾಕು. ಅದು ಕೈಗೆ ಬಹಳ ಸಡಿಲವೆನಿಸುವಷ್ಟು ಕಡಿಮೆ. ಉದ್ದ ಹಿಡಿಯ ಸ್ಪ್ಯಾನರಿನಿಂದ ‘ಇನ್ನೊಂದು ಸುತ್ತು ಇರಲಿ’ ಎಂದು ತಿರುಗಿಸುವವರೇ ಮ್ಯಾನಿಫೋಲ್ಡಿನಲ್ಲಿ ಬೋಲ್ಟ್ ಕೂರುವ ಕಿವಿ ಮುರಿಯುವುದು. ನಿಮ್ಮ ಮಾದರಿಯ ಕೈಪಿಡಿಯ ಅಂಕಿಯನ್ನೇ ಟಾರ್ಕ್ ರೆಂಚಿಗೆ ಹೊಂದಿಸಿಕೊಳ್ಳಿ. ಹೊಸ ಪ್ಯಾಕಿಂಗಿನ ಮೇಲೆ ಸಿಲಿಕೋನ್ ಅಂಟನ್ನು ಬಳಿಯುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ. ಕೈಪಿಡಿ ಹೇಳದ ಕಡೆ ಅದು ಬೇಕಾಗಿಲ್ಲ, ಸಾಮಾನ್ಯ ಸಿಲಿಕೋನಿನ ಆವಿ ಆಕ್ಸಿಜನ್ ಸೆನ್ಸರನ್ನೂ ಕೆಡಿಸಬಲ್ಲದು.

ಜೊತೆಯಲ್ಲಿ ಬದಲಿಸುವುದರ ಬಗ್ಗೆ: ಇಂಜೆಕ್ಟರಿನ ಓ-ರಿಂಗುಗಳು, ಥ್ರಾಟಲ್ ಬಾಡಿಯ ಪ್ಯಾಕಿಂಗ್, ಪಿಸಿವಿ ವಾಲ್ವ್ ಮತ್ತು ಅದರ ಹೋಸ್, ಮ್ಯಾನಿಫೋಲ್ಡ್ ಕೂತ ಮೇಲೆ ಕೈ ಎಟುಕದ ಸಣ್ಣ ಪೈಪುಗಳು, ಇವಿಷ್ಟನ್ನೂ ಬದಲಿಸಿ. ಒಂದೇ ಬಿಸಿಯಲ್ಲಿ ಒಂದೇ ಕಾಲ ಬೆಂದ ರಬ್ಬರುಗಳಲ್ಲಿ ಒಂದು ಹೋಗಿದೆ ಎಂದರೆ ಉಳಿದವೂ ದಾರಿಯಲ್ಲಿವೆ. ಓ-ರಿಂಗಿಗೆ ಒಂದು ಹನಿ ಶುದ್ಧ ಎಂಜಿನ್ ಆಯಿಲ್ ಸವರಿ ಕೂರಿಸಿದರೆ ಸೀಳುವುದಿಲ್ಲ. ಸೆನ್ಸರುಗಳನ್ನು ಮಾತ್ರ ‘ಹೇಗೂ ಬಿಚ್ಚಿದ್ದೇವೆ’ ಎಂಬ ಕಾರಣಕ್ಕೆ ಬದಲಿಸಬೇಡಿ. ವ್ಯಾಕ್ಯೂಮ್ ಪೈಪಿನ ಜಾಗಕ್ಕೆ ಅದೇ ಅಳತೆಯ ನೀರಿನ ಪೈಪನ್ನು ಹಾಕಿದರೆ ಸೆಳೆತಕ್ಕೆ ಚಪ್ಪಟೆಯಾಗುತ್ತದೆ. ಆಯಿಲಿನ ಆವಿ ಹರಿಯುವ ಕಡೆ ಬಣ್ಣದ ಸಾಧಾರಣ ಸಿಲಿಕೋನ್ ಹೋಸುಗಳೂ ಬೇಡ. ನೋಡಲು ಚೆನ್ನಾಗಿರುತ್ತವೆ, ಕೆಲವೇ ತಿಂಗಳಲ್ಲಿ ಆಯಿಲ್ ಬೆವರತೊಡಗುತ್ತವೆ.

ಪ್ರಶ್ನೆ: ಏರ್ ಫಿಲ್ಟರನ್ನು ಪ್ರತಿ ತಿಂಗಳೂ ತೆಗೆದು ಕಂಪ್ರೆಸರಿನಿಂದ ಊದಿಸುತ್ತೇನೆ. ಆದರೂ ಮೈಲೇಜ್ ಹೆಚ್ಚುತ್ತಿಲ್ಲ. ತೊಳೆದು ಮತ್ತೆ ಬಳಸುವ, ಎಣ್ಣೆ ಹಚ್ಚಿದ ಫಿಲ್ಟರ್ ಹಾಕಿದರೆ ಪ್ರಯೋಜನವಿದೆಯೇ?

ಉತ್ತರ: ಹೆಚ್ಚುವುದಿಲ್ಲ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದವರು 2009ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಕಂಪ್ಯೂಟರ್ ನಿಯಂತ್ರಣದ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಕಟ್ಟಿಕೊಂಡ ಫಿಲ್ಟರಿನಿಂದ ಪಿಕಪ್ ಕುಗ್ಗಿತೇ ಹೊರತು ಇಂಧನದ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಾಳಿ ಕಡಿಮೆ ಬಂದರೆ ಕಂಪ್ಯೂಟರ್ ಪೆಟ್ರೋಲನ್ನೂ ಅದಕ್ಕೆ ತಕ್ಕಂತೆ ಕಡಿಮೆ ಮಾಡುತ್ತದೆಯಲ್ಲವೇ?

ತಿಂಗಳಿಗೊಮ್ಮೆ ತೆಗೆಯುವ ಅಭ್ಯಾಸವನ್ನು ಬಿಟ್ಟರೆ ಒಳ್ಳೆಯದು. ಕಾಗದದ ಫಿಲ್ಟರ್ ಸ್ವಲ್ಪ ಧೂಳು ಹಿಡಿದ ಮೇಲೆಯೇ ಇನ್ನಷ್ಟು ಸೂಕ್ಷ್ಮವಾಗಿ ಸೋಸುತ್ತದೆ. ಹೆಚ್ಚು ಒತ್ತಡದಲ್ಲಿ ಊದಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತುಗಳಾಗುತ್ತವೆ, ತೆಗೆದು ಹಾಕುವಾಗೆಲ್ಲ ಅಂಚಿನ ಧೂಳು ಶುದ್ಧವಾದ ಬದಿಗೆ ಬೀಳುತ್ತದೆ. ಸಿಲಿಂಡರಿನ ಗೋಡೆಯನ್ನು ಗೀರುವುದು ಆ ಧೂಳಿನಲ್ಲಿರುವ ಮರಳಿನ ಕಣ. ತಯಾರಕರು ಹೇಳಿದ ಅವಧಿಗೆ, ಧೂಳಿನ ರಸ್ತೆಯಾದರೆ ಅದರ ಅರ್ಧಕ್ಕೆ, ಹೊಸದನ್ನು ಹಾಕಿ. ಹಳೆಯ ಗಾಡಿಯಲ್ಲಿ ಫಿಲ್ಟರಿಗಿಂತ ಅದರ ಪೆಟ್ಟಿಗೆಯ ಕ್ಲಿಪ್ಪುಗಳನ್ನು ನೋಡುವುದು ಮುಖ್ಯ. ಒಂದು ಕ್ಲಿಪ್ ಮುರಿದು ಮುಚ್ಚಳ ಎದ್ದಿದ್ದರೆ ಗಾಳಿ ಫಿಲ್ಟರಿನೊಳಗೆ ಹಾಯದೆ ಪಕ್ಕದಿಂದಲೇ ಹೋಗುತ್ತದೆ. ಎಣ್ಣೆ ಹಚ್ಚಿದ ಫಿಲ್ಟರಿನಲ್ಲಿ ಎಣ್ಣೆ ಸ್ವಲ್ಪ ಹೆಚ್ಚಾದರೂ ಏರ್ ಫ್ಲೋ ಸೆನ್ಸರಿನ ಬಿಸಿತಂತಿಗೆ ಅಂಟಿ ಅಳತೆ ತಪ್ಪುತ್ತದೆ. ಆ ತಂತಿಯನ್ನು ಬೆರಳಿನಿಂದಾಗಲಿ ಬಟ್ಟೆಯಿಂದಾಗಲಿ ಮುಟ್ಟದೆ, ಅದಕ್ಕೆಂದೇ ಇರುವ ಸ್ಪ್ರೇಯಿಂದ ಮಾತ್ರ ಶುಚಿ ಮಾಡಬೇಕು.

ಪ್ರಶ್ನೆ: ಐಡ್ಲಿಂಗ್ ಏರಿಳಿತದ ಜೊತೆಗೆ ಇತ್ತೀಚೆಗೆ ಬ್ರೇಕ್ ಪೆಡಲ್ ಗಟ್ಟಿಯಾಗಿದೆ. ಎರಡಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ, ಇದನ್ನು ನಾಳೆಗೆ ಮುಂದೂಡಬೇಡಿ. ಪೆಟ್ರೋಲ್ ಕಾರುಗಳಲ್ಲಿ ಸಾಮಾನ್ಯವಾಗಿ ಬ್ರೇಕ್ ಬೂಸ್ಟರಿಗೆ ಬಲ ಕೊಡುವುದು ಮ್ಯಾನಿಫೋಲ್ಡಿನ ನಿರ್ವಾತವೇ. ಬೂಸ್ಟರಿನ ದಪ್ಪ ಹೋಸ್, ಅದರಲ್ಲಿರುವ ಒಂದೇ ದಿಕ್ಕಿನ ವಾಲ್ವ್ ಅಥವಾ ಬೂಸ್ಟರಿನೊಳಗಿನ ಪರದೆ ಸೋರಿದರೆ ಎಂಜಿನ್ನೂ ಬ್ರೇಕೂ ಒಟ್ಟಿಗೆ ಕೆಡುತ್ತವೆ. ಗಾಡಿಯನ್ನು ಸಮತಟ್ಟಾದ ಕಡೆ ಹ್ಯಾಂಡ್ ಬ್ರೇಕ್ ಹಾಕಿ ನಿಲ್ಲಿಸಿ, ಎಂಜಿನ್ ಆರಿಸಿ, ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ. ಕಾಲನ್ನು ಹಾಗೆಯೇ ಅದುಮಿಟ್ಟುಕೊಂಡು ಸ್ಟಾರ್ಟ್ ಮಾಡಿದಾಗ ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ಸರಿಪಡಿಸುವವರೆಗೆ ಗಾಡಿಯನ್ನು ರಸ್ತೆಗೆ ತರಬೇಡಿ.

ಪ್ರಶ್ನೆ: ಹನ್ನೆರಡು ವರ್ಷದ ಟರ್ಬೊ ಡೀಸೆಲ್ ಕಾರು. ಏರು ಹತ್ತುವಾಗ ಶಿಳ್ಳೆಯ ಸದ್ದು, ಕಪ್ಪು ಹೊಗೆ. ಪೈಪಿನ ಜೋಡಣೆಯಲ್ಲಿ ಆಯಿಲ್ ಜಿನುಗಿದೆ. ಟರ್ಬೊ ಬದಲಿಸಬೇಕೆನ್ನುತ್ತಾರೆ.

ಉತ್ತರ: ಟರ್ಬೊ ಡೀಸೆಲ್‌ನಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಇಲ್ಲಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊವಿನಿಂದ ಮ್ಯಾನಿಫೋಲ್ಡಿನವರೆಗಿನ ದಾರಿಯಲ್ಲಿ ಇರುವುದು ಸೆಳೆತವಲ್ಲ, ಒತ್ತಡ. ಬಿರುಕಿನಿಂದ ಗಾಳಿ ಒಳಬರುವ ಬದಲು, ಅಳೆದು ಒಳಗೆ ಬಿಟ್ಟ ಗಾಳಿಯೇ ಹೊರಹೋಗುತ್ತದೆ. ಅದಕ್ಕೆಂದು ಸಿಂಪಡಿಸಿದ ಡೀಸೆಲ್ ಪೂರ್ತಿ ಉರಿಯದೆ ಕಪ್ಪು ಹೊಗೆಯಾಗುತ್ತದೆ. ಶಿಳ್ಳೆ ಏರಿನಲ್ಲಿ ಮಾತ್ರ ಕೇಳುವುದೂ ಇದಕ್ಕೇ, ಆಗಲೇ ಒತ್ತಡ ಹೆಚ್ಚು. ಆದ್ದರಿಂದ ಟರ್ಬೊಗೆ ಮೊದಲು, ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಎರಡೂ ಬದಿಯ ರಬ್ಬರ್ ಹೋಸುಗಳನ್ನೂ ಕ್ಲಿಪ್ಪುಗಳನ್ನೂ ಪರೀಕ್ಷಿಸಬೇಕು. ಹೋಸಿನೊಳಗೆ ಆಯಿಲಿನ ತೆಳುಪದರ ಇರುವುದು ಆಯಿಲ್ ಚೇಂಬರಿನ ಬ್ರೀದರ್ ಆವಿಯಿಂದ ಬರುವ ಸಹಜ ಸಂಗತಿ. ಹೊರಗೆ ಜಿನುಗಿರುವ ಜಾಗವೇ ಸೋರಿಕೆಯ ಗುರುತು. ಆ ಆಯಿಲ್ ರಬ್ಬರನ್ನು ಮೆತ್ತಗೆ ಮಾಡಿರುತ್ತದೆ, ಹಾಗಾಗಿ ಕ್ಲಿಪ್ ಬಿಗಿ ಮಾಡಿ ಸುಮ್ಮನಾಗದೆ ಹೋಸನ್ನೇ ಬದಲಿಸಿ. ಟರ್ಬೊವಿನ ದಂಡದಲ್ಲಿ ಮೇಲೆಕೆಳಗೆ ಅಲುಗಾಟವಿದ್ದು ರೆಕ್ಕೆ ಗೋಡೆಗೆ ತಾಗಿದ ಗುರುತು ಕಂಡರೆ ಮಾತ್ರ ಗ್ಯಾರೇಜಿನವರ ಮಾತನ್ನು ಒಪ್ಪಿಕೊಳ್ಳಬಹುದು.

ಮ್ಯಾನಿಫೋಲ್ಡ್ ಬಿಚ್ಚುವ ಸಂದರ್ಭ ಬಂದರೆ ಒಳಗೆ, ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಕಳುಹಿಸುವ ಇಜಿಆರ್ ವಾಲ್ವಿನಿಂದ ಬಂದ ಮಸಿ, ಆಯಿಲಿನ ಜೊತೆ ಬೆರೆತು ಡಾಂಬರಿನಂತೆ ಕಟ್ಟಿರುತ್ತದೆ. ಅದನ್ನು ಎಂಜಿನ್ನಿನಿಂದ ಹೊರಗೆ ತೆಗೆದೇ ತೊಳೆಯಬೇಕು. ನಿಮ್ಮ ಮಾದರಿಯಲ್ಲಿ ಒಳಗೆ ಗಾಳಿ ಸುಳಿಯುವಂತೆ ಮಾಡುವ ತಟ್ಟೆಗಳಿದ್ದರೆ ಅವುಗಳ ಕೀಲು ಸವೆದಿದೆಯೇ ಎಂದು ನೋಡಿ. ಮುರಿದು ಒಳಗೆ ಬಿದ್ದು ಪಿಸ್ಟನ್ ಹಾಳಾದ ಎಂಜಿನ್ನುಗಳಿವೆ.

ಪ್ರಶ್ನೆ: ಪೆಟ್ರೋಲ್ ಟ್ಯಾಂಕಿಗೆ ಸುರಿಯುವ ಕ್ಲೀನರಿನಿಂದ ಇಂಟೇಕ್ ವಾಲ್ವಿನ ಮಸಿ ಹೋಗುವುದೇ?

ಉತ್ತರ: ಇಂಜೆಕ್ಟರ್ ವಾಲ್ವಿನ ಹಿಂಬದಿಗೆ ಸಿಂಪಡಿಸುವ ಎಂಜಿನ್ನಾದರೆ ಸ್ವಲ್ಪ ಮಟ್ಟಿಗೆ ಹೋಗುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮ್ಮಿಸುವ ಎಂಜಿನ್ನಾದರೆ ಆ ದ್ರವ ವಾಲ್ವನ್ನು ಮುಟ್ಟುವುದೇ ಇಲ್ಲ. ಅಂಥವುಗಳಲ್ಲಿ ಮ್ಯಾನಿಫೋಲ್ಡ್ ತೆಗೆದು, ವಾಲ್ನಟ್ ಚಿಪ್ಪಿನ ಪುಡಿಯನ್ನು ಗಾಳಿಯ ರಭಸದಿಂದ ಹೊಡೆದು ಶುಚಿ ಮಾಡುತ್ತಾರೆ. ಹೇಗೂ ಪ್ಯಾಕಿಂಗಿಗೆಂದು ಬಿಚ್ಚಿದ್ದರೆ ಆಗಲೇ ಮಾಡಿಸಿಕೊಳ್ಳುವುದು ಜಾಣತನ.

ಪ್ರಶ್ನೆ: ನನ್ನ ಕಾರಿನ ಮಾದರಿ ನಿಂತು ಬಹಳ ಕಾಲವಾಗಿದೆ. ಹೊಸ ಮ್ಯಾನಿಫೋಲ್ಡ್ ಸಿಗುತ್ತಿಲ್ಲ. ಸ್ಕ್ರ್ಯಾಪಿನಿಂದ ತಂದು ಹಾಕಬಹುದೇ?

ಉತ್ತರ: ಲೋಹದ್ದಾದರೆ ಧೈರ್ಯವಾಗಿ ತನ್ನಿ, ಮುಖ ಸಮವಾಗಿದೆಯೇ, ಬೋಲ್ಟಿನ ಹಲ್ಲುಗಳು ಕಿತ್ತಿವೆಯೇ ಎಂದು ನೋಡಿಕೊಂಡರಾಯಿತು. ಪ್ಲಾಸ್ಟಿಕ್ಕಿನದಾದರೆ ಅದೂ ನಿಮ್ಮದರಷ್ಟೇ ವರ್ಷ ಬೆಂದಿರುತ್ತದೆ ಎಂಬುದನ್ನು ಮರೆಯದೆ, ಕೂರಿಸುವ ಮೊದಲೇ ಮೂತಿಗಳನ್ನೆಲ್ಲ ಮುಚ್ಚಿ ಹೊಗೆ ಊದಿ ಪರೀಕ್ಷೆ ಮಾಡಿಸಿ. ಅದರ ಜೊತೆಗೆ ಬಂದ ಪ್ಯಾಕಿಂಗ್, ಹೋಸ್, ಓ-ರಿಂಗುಗಳನ್ನು ಅಳತೆಗಾಗಿ ಮಾತ್ರ ಇಟ್ಟುಕೊಂಡು, ಅದೇ ಅಳತೆಯ ಹೊಸದನ್ನು ಕೊಳ್ಳಿ.